ಬಸುರಿಯರನ್ನು ನಡೆಸಿದ ಡ್ರಿಲ್ ಅಕ್ಕೋರು

ಕೊರಳಲ್ಲಿ ತಾಳಿ ಇರಬೇಕಾದ ಜಾಗದಲ್ಲಿ ಅವರಿಗೆ ಕಪ್ಪು ದಾರದ ಸೀಟಿ ಇತ್ತು. ಸೀರೆಯನ್ನು ಗೇಣು ಮೇಲೆತ್ತಿ ಉಟ್ಟು, ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮುಂಬಯಿಯ ಪರೇಲಿನ ನಮ್ಮ ಕನ್ನಡ ಶಾಲೆಯ ಅಂಗಳದಲ್ಲಿ ನಿಂತರೆ, ಪಕ್ಕದ ಚಾಳಿನ ಗಂಡಸರು ಗ್ಯಾಲರಿಗೆ ಬಂದು ನಗುತ್ತಿದ್ದರು. ಅವರು ತಿರುಗಿಯೂ ನೋಡುತ್ತಿರಲಿಲ್ಲ. ಧಾರವಾಡದ ಕಡೆಯವರು, ಮದುವೆಯಾಗದವರು. ನಮಗೆ ಡ್ರಿಲ್ ಕಲಿಸುವ ಟೀಚರಾದ್ದರಿಂದ ನಾವು ಡ್ರಿಲ್ ಅಕ್ಕೋರು ಎನ್ನುತ್ತಿದ್ದೆವು. "ಮೈ ನಿಂದು, ನೀನ ಆಳಬೇಕು" ಎನ್ನುವುದು ಅವರ ಮಾತು. ಹುಡುಗಿಯರಿಗೆ ಹಾಗೆ ಹೇಳುವವರು ಬೇರೆ ಯಾರೂ ನನಗೆ ಸಿಗಲಿಲ್ಲ.

ಮದುವೆಯಾಗಿ ನಾನು ಗೋರೆಗಾಂವ್‌ನ ಕಾಲನಿಯೊಂದರ ಮೂರನೇ ಮಹಡಿ ಸೇರಿದೆ. ಗಂಡನ ಮನೆಯವರು ಮೈಸೂರಿನವರು. ಮೊದಲ ಬಸಿರು ನಿಲ್ಲಲಿಲ್ಲ. ಎಂಬತ್ತರ ದಶಕದ ನಡುವೆ ಎರಡನೆಯದು ನಿಂತಾಗ ಅತ್ತೆ ನನ್ನನ್ನು ಮಂಚದಿಂದ ಇಳಿಯಗೊಡಲಿಲ್ಲ. ಇಬ್ಬರ ಪಾಲು ತಿನ್ನಬೇಕೆಂದು ತುಪ್ಪ, ಹೋಳಿಗೆ, ಕೇಸರಿಬಾತು. ಅದರಲ್ಲಿ ಪ್ರೀತಿಯೂ ಇತ್ತು, ಭಯವೂ ಇತ್ತು, ಇಲ್ಲವೆನ್ನಲಾರೆ. ಆದರೆ ಐದನೇ ತಿಂಗಳಿಗೆ ಡಾಕ್ಟರು ಹುಬ್ಬು ಗಂಟಿಕ್ಕಿದರು. ತೂಕ ವಿಪರೀತ ಏರುತ್ತಿದೆ, ಸಕ್ಕರೆ ಕಾಣಿಸಿಕೊಂಡಿದೆ, ಹೀಗೇ ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ, ದಿನಾ ನಡೆಯಬೇಕು. ಹೋದ ಸಲ ಆದದ್ದು ಓಡಾಡಿದ್ದರಿಂದಲ್ಲ ಎಂದು ಬಿಡಿಸಿ ಹೇಳಿದರು.

"ಡಾಕ್ಟ್ರಿಗೇನು, ಹೇಳ್ತಾರೆ. ಹೋಗೋದು ನಮ್ಮ ಮನೆ ಮಗು" ಎಂದರು ಅತ್ತೆ. ಗಂಡ ಪೇಪರಿನ ಪುಟ ತಿರುಗಿಸಿದರು.

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಅತ್ತೆ ಗುಡಿಗೆ ಹೋದಾಗ ನಾವು ಬೆನ್ ಎಂದು ಕರೆಯುತ್ತಿದ್ದ ಗ್ರೌಂಡ್ ಫ್ಲೋರಿನ ಗುಜರಾತಿ ಹೆಂಗಸಿನ ಮನೆಯಿಂದ ಶಾಲೆಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಕ್ಕೋರು ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ ತಿಳಿದುಕೊಂಡರು.

"ಡಾಕ್ಟರ್ ನಡೀ ಅಂದಾರಿಲ್ಲೋ? ಮುಗೀತು. ನಾಳೆಯಿಂದ ಸಾಲಿ ಬಿಟ್ಟ ಮ್ಯಾಲೆ ಇದೇ ನಂಬರಿಗೆ ಮಾಡ್ತೀನಿ."

ಮುಂಬಯಿಯಲ್ಲಿ ಇನ್ನೊಬ್ಬರ ಮನೆಗೆ ಬಂದ ಫೋನನ್ನು ಕಾಯಿಸುವುದು ಮರ್ಯಾದೆಯಲ್ಲ. ಅಕ್ಕೋರು ಹಿಡಿದದ್ದು ಅದನ್ನೇ. ಬೆನ್ "ಭಾಭೀ, ಫೋನ್!" ಎಂದು ಕೂಗಿದೊಡನೆ ಅತ್ತೆಯೇ, "ಹೋಗಮ್ಮ, ಅವರನ್ನ ಕಾಯಿಸ್ಬೇಡ. ನಿಧಾನ" ಎಂದು ಕಳಿಸುತ್ತಿದ್ದರು. ನಮ್ಮದು ಲಿಫ್ಟಿಲ್ಲದ ಬಿಲ್ಡಿಂಗು. ಇಳಿದರೆ, ಕಾಂಪೌಂಡು ಸುತ್ತಿ ಬಾ ಎಂದು ಅಕ್ಕೋರು ಫೋನಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿ ಮಾತಾಡಿಸುತ್ತಿದ್ದರು.

"ಏನ್ ಉಂಡಿ? ಪೂರ್ತಿ ಹೇಳು. ಏದುಸಿರು ಬಂದ್ರ ಕುಂದರು. ಮಾತು ಸರಳ ಬರ್ತಾವಂದ್ರ ಇನ್ನೊಂದು ಸುತ್ತು."

ಹೋಳಿಗೆ ತಿಂದೆ ಎಂದರೆ ಬೈಯುತ್ತಿರಲಿಲ್ಲ. "ತಿನ್ನು. ಆದ್ರ ಹಸಿವಿ ಸಲುವಾಗಿ ತಿನ್ನು, ಅತ್ತಿ ಸಲುವಾಗಿ ತಿನಬ್ಯಾಡ."

ಏಳನೇ ತಿಂಗಳಲ್ಲಿ, ವರ್ಷಗಟ್ಟಲೆ ಕಾದಿದ್ದ ನಮ್ಮ ಸ್ವಂತ ಫೋನು ಬಂತು. ಅತ್ತೆ ಅದಕ್ಕೆ ಕುಂಕುಮ ಹಚ್ಚಿ, ಇನ್ನು ಇಳಿಯುವ ಕರ್ಮವಿಲ್ಲ ಎಂದು ನಿಟ್ಟುಸಿರಿಟ್ಟರು. ನಾನು ಹೊಸ ನಂಬರು ಕೊಡಹೋದರೆ ಅಕ್ಕೋರು ಸಿಡಿದರು.

"ಮಂಚದ ಮ್ಯಾಲೆ ಕುಂತು ಹರಟಿ ಹೊಡ್ಯಾಕ ನಾ ಏನ್ ನಿನ್ನ ಗೆಳತಿಯೇನು? ಆ ನಂಬರ್ ನಂಗ ಬ್ಯಾಡ. ಇಳದು ಬಾ!"

ಮರುದಿನವೂ ಬೆನ್ ಕೂಗಿದಳು. ಮನೆಯಲ್ಲೇ ಫೋನಿದ್ದರೂ ಅಕ್ಕೋರು ಕೆಳಗೇ ಏಕೆ ಮಾಡುತ್ತಾರೆಂದು ಅತ್ತೆಗೆ ಆಗ ಹೊಳೆಯಿತು. "ಒಂದೂ ಹೆರದೋಳು ನಮಗೆ ಬಸಿರಿನ ಪಾಠ ಹೇಳ್ತಾಳಾ?" ಎಂದು ಬಾಗಿಲಿಗೆ ಅಡ್ಡ ನಿಂತರು. ನನಗೆ ಸಿಟ್ಟು ನೆತ್ತಿಗೇರಿತು. "ನಾನು ಇಳೀತೀನಿ ಅತ್ತೆ" ಎಂದು ಅವರ ಕೈ ಸರಿಸಿ ಇಳಿದೆ. ಆ ಮನೆಯಲ್ಲಿ ನಾನು ಆಡಿದ ಮೊದಲ ಎದುರು ಮಾತು ಅದು.

ಸೀಮಂತಕ್ಕೆ ಅಕ್ಕೋರನ್ನು ನಾನೇ ಕರೆದಿದ್ದೆ. ಮುತ್ತೈದೆಯರು ಮಾತ್ರ ಮಡಿಲು ತುಂಬಬೇಕೆಂದು ಅತ್ತೆ ತಟ್ಟೆಯನ್ನು ಅವರಿಂದ ಆಚೆ ಸರಿಸಿದರು. ಅಕ್ಕೋರು ನಕ್ಕು, ಚೀಲದಿಂದ ಹೊಸ ಕ್ಯಾನ್ವಾಸ್ ಬೂಟು ತೆಗೆದು ನನ್ನ ಮುಂದೆ ನೆಲಕ್ಕೆ ಕುಳಿತರು.

"ಉಡಿ ತುಂಬೋ ಹಕ್ಕು ನಂಗಿಲ್ಲಂತ. ಇರವಲ್ದು. ಬೂಟು ಹಾಕಬ್ಯಾಡ ಅಂತ ಯಾವ ಶಾಸ್ತ್ರದಾಗೂ ಇಲ್ಲ."

ಬಗ್ಗಲಾರದ ನನ್ನ ಕಾಲಿಗೆ ಬೂಟು ಹಾಕಿ ಅವರೇ ಲೇಸು ಕಟ್ಟಿದರು. ಕಾಲು ಬಾತಿರುತ್ತದೆಂದು ಒಂದು ಸೈಜು ದೊಡ್ಡದೇ ತಂದಿದ್ದರು. ಹೆಂಗಸರೆಲ್ಲ ಬಾಯಿ ಮೇಲೆ ಕೈಯಿಟ್ಟರು. ಹಸಿರು ಬಳೆ, ಮೊಗ್ಗಿನ ಜಡೆ, ಬಿಳಿ ಬೂಟಿನಲ್ಲಿ ನಾನು ಆರತಿ ಮಾಡಿಸಿಕೊಂಡೆ.

ಸಕ್ಕರೆ ಹಿಡಿತಕ್ಕೆ ಬಂತು, ತೂಕ ವಿಪರೀತ ಏರುವುದು ನಿಂತಿತು, ಮಗಳು ಗಟ್ಟಿಯಾಗಿ ಹುಟ್ಟಿದಳು. ನಡೆದದ್ದರಿಂದಲೇ ಹೀಗಾಯಿತೆಂದು ನಾನು ಆಣೆ ಮಾಡಲಾರೆ. ಹೆದರದೆ ಹೆತ್ತೆ, ಅದು ಅವರಿಂದಲೇ.

ತೊಂಬತ್ತರ ದಶಕದ ಮೊದಲಲ್ಲಿ ಅಕ್ಕೋರು ಎದೆನೋವಿನಿಂದ ತೀರಿಕೊಂಡರು. ಪರೇಲಿನ ಅವರ ಚಾಳಿಗೆ ಹೋದರೆ, ಅಲ್ಲಿ ನನ್ನಂಥ ಹೆಂಗಸರು ಬಹಳ ಮಂದಿ ಇದ್ದರು. ಅಷ್ಟು ಜನಕ್ಕೆ ಅವರು ಫೋನಿನಲ್ಲಿ ಗದರಿದ್ದರೆಂದು ನನಗೆ ಅವತ್ತೇ ತಿಳಿದದ್ದು. ಚಟ್ಟ ಎತ್ತಿದಾಗ ಹಿರಿಯರೊಬ್ಬರು, ಹೆಂಗಸರು ಮಸಣಕ್ಕೆ ಬರುವ ಪದ್ಧತಿಯಿಲ್ಲ, ಇಲ್ಲಿಗೇ ಸಾಕು ಎಂದರು. ಆಗ ಕಾಂದಿವಲಿಯಿಂದ ಬಂದಿದ್ದ ಒಬ್ಬ ತುಂಬಿದ ಬಸುರಿ ಸೆರಗು ಬಿಗಿದು ಮುಂದೆ ಬಂದಳು.

"ನೀನಾದ್ರೂ ಬ್ಯಾಡವ್ವಾ, ಎರಡು ಜೀವದಾಕಿ" ಎಂದು ಆ ಹಿರಿಯರು ಗಾಬರಿಯಾದರು.

"ಎರಡೂ ಜೀವ ಅಕ್ಕೋರ ದೆಸೆಯಿಂದನ ಗಟ್ಟಿ ಅದಾವ್ರೀ" ಎಂದು ಅವಳು ಹೊರಟೇಬಿಟ್ಟಳು. ನಾನು ಅವಳ ತೋಳು ಹಿಡಿದೆ. ಉಳಿದವರೂ ಹಿಂದೆ ಬಂದರು. ಗಂಡಸರು ದಾರಿ ಬಿಟ್ಟರು.