ಕಟ್ಟಿಗೆಯ ಬಾಳೆಹಣ್ಣು

ನನ್ನ ಮೇಜಿನ ಮೇಲೆ ಗೋಕಾಕದಲ್ಲಿ ಮಾಡಿದ ಕಟ್ಟಿಗೆಯ ಬಾಳೆಹಣ್ಣೊಂದಿದೆ. ಸಿಪ್ಪೆಯ ಕಪ್ಪು ಚುಕ್ಕೆಯವರೆಗೆ ಸಾಕ್ಷಾತ್ ಹಣ್ಣೇ. ಬಂದವರು ಮಾತಿನ ಭರದಲ್ಲಿ ಅದನ್ನೆತ್ತಿಕೊಂಡು, ಸುಲಿಯಲು ಉಗುರು ಹಚ್ಚಿ, ಮೋಸಹೋದದ್ದಕ್ಕೆ ತಾವೇ ನಕ್ಕು, ಮಾಡಿದವನ ಕೈಚಳಕವನ್ನು ಹೊಗಳುತ್ತಾರೆ. ಅವರನ್ನು ಮಂದಬುದ್ಧಿಯವರೆಂದು ಯಾರೂ ಕರೆದದ್ದಿಲ್ಲ, ಗೆಳೆಯರೇ. ಆದರೆ ಅದರ ತುದಿಯಲ್ಲಿರುವ ಹಲ್ಲಿನ ಗುರುತು ಗಂಗಿಯದು. ಅವಳನ್ನು ಮಾತ್ರ ಹಾಗೆ ಕರೆದರು.

ಚಿಮಣಿ ಎಣ್ಣೆ ರೇಶನ್ನಿಗೆ ಬಂದಿದ್ದ ಯುದ್ಧದ ವರ್ಷಗಳವು. ಮಕ್ಕಳ ಮನಸ್ಸಿನ ಶಾಸ್ತ್ರವನ್ನು ಓದಿಕೊಂಡು ಬಂದಿದ್ದ ನಾನು ಮೂಡಲಗಿ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದೆ. ಮಾತು ತಡವಾದ, ಕಲಿಕೆ ನಿಧಾನವಾದ ಮಕ್ಕಳಿಗಾಗಿ ಸಾಲೆಯ ಬಾಜೂಕಿನ ಕೋಣೆಯಲ್ಲಿ ಬೇರೆ ವರ್ಗ ನಡೆಸುತ್ತಿದ್ದೆ. ಮೊದಲು ಕೈ ತೊಳೆಯುವುದು, ಆಮೇಲೆ ಹೆಸರು ಕೂಗುವುದು, ಆಮೇಲೆ ಬಣ್ಣ ಬಳಿದ ಕಟ್ಟಿಗೆಯ ಹಣ್ಣುಗಳನ್ನು ಬುಟ್ಟಿಗಳಿಗೆ ವಿಂಗಡಿಸುವುದು. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಕುರಿಗಾರರ ಬಾಳವ್ವನ ಮಗಳು ಗಂಗಿ ಎಲ್ಲವನ್ನೂ ವಿಂಗಡಿಸಿ, ಕಡೆಗೆ ಬಾಳೆಹಣ್ಣನ್ನು ಒಮ್ಮೆ ಕಚ್ಚಿ, ಗಟ್ಟಿಯಾಗಿ ನಗುತ್ತಿದ್ದಳು. ಏಕೆಂದು ನನ್ನ ಶಾಸ್ತ್ರಕ್ಕೂ ತಿಳಿಯಲಿಲ್ಲ.

ಸಾಲೆಯ ಉಸ್ತುವಾರಿಯ ಹಿರಿಯರು ಒಂದು ದಿನ ಇದನ್ನು ಕಂಡರು.

“ಏನ್ರಿ ಮಾಸ್ತರ, ಕಟಗಿ ತಿನ್ನೂ ಹುಡುಗಿಗೆ ಸಾಲಿ ಯಾಕ ಬೇಕ್ರಿ? ಕುರಿ ಕಾಯಾಕ ಹೋಗಲಿ,” ಎಂದರು ಗೌಡರು.

“ಕುರಿಗೋಳು ಆಕೀನ್ನ ಕಾಯಬೇಕಾಕ್ಕೈತಿ ಬಿಡ್ರಿ ಗೌಡ್ರ!” ಎಂದರು ಜೊತೆಗಿದ್ದ ಅಂಗಡಿಯ ಸಾವಕಾರರು.

ಎಲ್ಲರೂ ನಕ್ಕರು. ಕೋಣೆ ಮುಚ್ಚಬೇಕೆಂದು ತೀರ್ಮಾನವಾಯಿತು. ನಾನು ಶಾಸ್ತ್ರ ಹೇಳಿದೆ, ಅವರು ಆಕಳಿಸಿದರು. ಶಾಸ್ತ್ರಕ್ಕೆ ಮುಚ್ಚಿದ ಕಿವಿ ಕತೆಗೆ ತೆರೆದೀತೆಂದು ಗಂಗಿಯ ಕತೆಯನ್ನೇ ಬರೆದು, ಸಂಜೆ ಚಾವಡಿಯಲ್ಲಿ ಓದಿದೆ. ಕೊನೆಯಲ್ಲಿ ಹುಡುಗಿ ಹಣ್ಣು ಕಚ್ಚಿ ನಗುತ್ತಾಳೆ, ಅಷ್ಟೇ. ಗೌಡರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಗೆದ್ದೆನೆಂದುಕೊಂಡೆ.

“ಕಣ್ಣಾಗ ನೀರು ತರಿಸಿದ್ರಿ ನೋಡ್ರಿ. ಖರೆ, ಕತೀ ಕಡೀಕ ಆ ಕೂಸಿಗೆ ಬುದ್ಧಿ ಬರಲಿ. ಒಂದು ಲಗ್ನಾ ಹಚ್ಚಿಬಿಡ್ರಿ.”

“ನಮ್ಮ ಗಂಗಿ ಸಾಲಿ, ಗೌಡ್ರ?”

“ಅದು ಕತಿ, ಇದು ಸಾಲಿ. ನಾಳೆ ಕೋಣಿಗೆ ಕೀಲಿ ಹಾಕ್ರಿ.”

ಕಂಬದ ಹಿಂದೆ ಕುಳಿತಿದ್ದ ಬಾಳವ್ವ ಎದ್ದು ನಿಂತಳು. “ಮಾಸ್ತರ, ಕತಿ ಬದಲ ಮಾಡಬ್ಯಾಡ್ರಿ. ಆ ಲಗ್ನಾ ಆದಾಕಿ ಯಾರೋ ಬ್ಯಾರೆಯಾಕಿ. ನಗಾಕತ್ತಾಕಿ ನನ್ನ ಮಗಳು.”

ಕೀಲಿ ಬಿತ್ತು. ಬುಟ್ಟಿಗಳನ್ನು ಬಾಳವ್ವನ ಅಂಗಳಕ್ಕೆ ಒಯ್ದು, ಸಾಲೆಗೆ ಮುಂಚೆ ಕೆಲಕಾಲ ಅದೇ ಕ್ರಮ ನಡೆಸಿದೆ. ಅಷ್ಟರಲ್ಲಿ ನನ್ನನ್ನು ಹುಕ್ಕೇರಿಗೆ ಬದಲಿ ಮಾಡಿಸಿದರು. ಹೊರಡುವ ದಿನ ಗಂಗಿಯೇ ಈ ಹಣ್ಣನ್ನು ನನ್ನ ಚೀಲಕ್ಕೆ ತುರುಕಿದಳು.

ನನ್ನ ಸಿಟ್ಟು ಇನ್ನೂ ಆರಿಲ್ಲ. ಆರಿಸುವ ಇಚ್ಛೆಯೂ ನನಗಿಲ್ಲ. ಬೈದವರನ್ನಾದರೂ ಸಹಿಸಿಯೇನು, ಕಾಗದದ ಕೂಸಿಗೆ ಕಣ್ಣೀರಿಟ್ಟು, ರಕ್ತಮಾಂಸದ ಕೂಸಿನ ಮುಂದೆ ಕದವಿಕ್ಕುವವರನ್ನು ಹೇಗೆ ಸಹಿಸಲಿ? ಇರುವಂತೆಯೇ ಇದ್ದರೆ ಮಗುವಿಗೆ ಕತೆಯಲ್ಲೂ ಜಾಗವಿಲ್ಲವೆ? ಅಂದಿನಿಂದ ಕತೆ ಬರೆಯುತ್ತಲೇ ಇದ್ದೇನೆ. ಒಂದರಲ್ಲೂ ಮಗು ಗುಣವಾಗುವುದಿಲ್ಲ.

ಮೊನ್ನೆ ಪತ್ರಿಕೆಯ ಸಂಪಾದಕರೊಬ್ಬರು ಮನೆಗೆ ಬಂದಿದ್ದರು. “ಒಂದು ಕೂಸನ್ನರ ನೆಟ್ಟಗ ಮಾಡ್ರಿ, ಮಾಸ್ತರ,” ಎನ್ನುತ್ತ ಬಾಳೆಹಣ್ಣನ್ನೆತ್ತಿಕೊಂಡು ಉಗುರು ಹಚ್ಚಿದರು. ತಿಳಿದೊಡನೆ ಗಹಗಹಿಸಿ ನಕ್ಕರು. ನಾನು ನಗಲಿಲ್ಲ. ಹಣ್ಣನ್ನು ಅವರ ಕೈಯಿಂದ ತೆಗೆದುಕೊಂಡು, ಗಂಗಿಯ ಹಲ್ಲಿನ ಗುರುತು ಅವರ ಕಡೆಗೆ ಬರುವಂತೆ ತಿರುಗಿಸಿ, ಇದ್ದ ಜಾಗದಲ್ಲೇ ಇಟ್ಟೆ.