ಪಾಟಿಯ ಮೂರು ಪಾತ್ರೆಗಳು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ನಲವತ್ತಮೂರರಲ್ಲಿ. ಮಿಡ್ಲ್ ಸ್ಕೂಲಿನ ಮೊದಲ ವರ್ಷವೂ ಮುಗಿದಿರಲಿಲ್ಲ. ಹಾಗಾಗಿ ಈ ಬರಹದಲ್ಲಿ ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು. ಕ್ಷಮೆ ಮಾತ್ರ ಕೇಳುವುದಿಲ್ಲ. ಕಲಿತಿದ್ದು ಸ್ವಲ್ಪವಾದರೂ ಅದನ್ನು ಮರೆಯದೆ ಉಳಿಸಿಕೊಂಡಿದ್ದೇನೆ.

ಹೋದ ವಾರ ಬೀರುವಿನ ಬಾಗಿಲಿಗೆ ಕೀಲು ಕೊಳ್ಳಲು ಹಲಸೂರು ಬಜಾರಿಗೆ ಹೋಗಿದ್ದೆ. ರಸ್ತೆ ತಿರುವಿನಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯ ಮೇಲೆ ಬೆಲ್ಲದ ಪಡ್ಡು ಹಾಕುತ್ತಿದ್ದಳು. ಹಿಟ್ಟು ಗುಳಿಯಿಂದ ಉಕ್ಕಿ ಕಾದ ಹಂಚಿಗೆ ತಗುಲಿ, ಬೆಲ್ಲ ಸೀದ ವಾಸನೆ ಬಂತು. ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಆಟೋದವನು ಹಾರ್ನ್ ಒತ್ತಿ, "ಯಜಮಾನ್ರೇ, ರೋಡನ್ನ ಮಾವನ ಮನೆಯಿಂದ ಬರೆಸ್ಕೊಂಡ್ ಬಂದಿದೀರಾ? ಪಕ್ಕಕ್ ಬರ್ರೀ" ಎಂದ. ಪಕ್ಕಕ್ಕೆ ಬಂದೆ. ನಾನು ಕಣ್ಣು ಒರೆಸಿಕೊಂಡದ್ದನ್ನು ಕಂಡು ಗಾಡಿಯ ಹೆಂಗಸು, "ಹೊಗೆ ಆ ಕಡೆಗೇ ಹೊಡೀತದೆ, ಈಚೆ ಬನ್ನಿ" ಎಂದಳು. ಹೊಗೆಯಲ್ಲ ಅದು. ಈಚೆ ಬಂದು ಒಂದು ದೊನ್ನೆ ಪಡ್ಡು ಕೇಳಿದೆ.

ಆಗ ನಾವಿದ್ದದ್ದು ಅದೇ ಹಲಸೂರಿನ ಒಂದು ವಠಾರದಲ್ಲಿ. ಸಾಲಾಗಿ ಎಂಟೊಂಬತ್ತು ಮನೆ, ನಡುವೆ ಒಂದು ನಲ್ಲಿ. ಅಪ್ಪ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಜಟಕಾ ಹೊಡೆಯುತ್ತಿದ್ದ. ನಮ್ಮ ಗೋಡೆಗೆ ಗೋಡೆ ಸೇರಿದ ಮನೆಯಲ್ಲಿ ಪಾಟಿ ಒಬ್ಬಳೇ ಇದ್ದಳು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ವಠಾರಕ್ಕೆಲ್ಲ ಅವಳು ಪಾಟಿಯೇ, ಅವಳ ಹೆಸರೇನೆಂದು ನಾನು ಕೇಳಿದ್ದೇ ಇಲ್ಲ. ಗಂಡ ಕುಕ್ ಟೌನಿನ ಒಂದು ಬಂಗಲೆಯಲ್ಲಿ ಮಾಲಿಯಾಗಿದ್ದು ತೀರಿಹೋಗಿದ್ದ. ಒಬ್ಬನೇ ಮಗ ಪಟ್ಟಾಳಕ್ಕೆ ಸೇರಿ ಬರ್ಮಾ ಕಡೆಗೆ ಹೋಗಿದ್ದ. ಅವನ ಸಂಬಳದಲ್ಲಿ ಅವಳ ಪಾಲು ತಿಂಗಳಿಗೊಮ್ಮೆ ಬರುತ್ತಿತ್ತು.

ಪಾಟಿ ಬೆಲ್ಲದ ಪಡ್ಡು ಹಾಕಿದಳೆಂದರೆ ನಲ್ಲಿಯ ಹತ್ತಿರ ಗೋಲಿಯಾಡುತ್ತಿದ್ದ ನಾವು ಆಟ ಬಿಟ್ಟು ಅವಳ ಜಗಲಿಗೆ ಓಡುತ್ತಿದ್ದೆವು. ಏಲಕ್ಕಿ ಕೊಳ್ಳುವ ತಾಕತ್ತು ಅವಳಿಗಿರಲಿಲ್ಲ, ಒಣಶುಂಠಿ ಕುಟ್ಟಿ ಹಾಕುತ್ತಿದ್ದಳು. ಕೊಬ್ಬರಿಯ ಚೂರು ಹಲ್ಲಿಗೆ ಸಿಕ್ಕರೆ ಅದೃಷ್ಟ. ನನಗೆ ತಳ ಸೀದ ಪಡ್ಡೇ ಬೇಕು. ಅದಕ್ಕೆಂದೇ ಕಡೆಯ ಸುತ್ತನ್ನು ಅವಳು ಬೇಕೆಂದೇ ಸ್ವಲ್ಪ ಸೀಯಿಸುತ್ತಿದ್ದಳು. ಅಮ್ಮ ಬಯ್ಯುತ್ತಿದ್ದಳು: "ಪಾಟಿ, ಇವನಿಗೆ ಸೀದಿದ್ದು ತಿನ್ನೋದು ಅಭ್ಯಾಸ ಮಾಡ್ಬೇಡಿ, ನಾಳೆ ನನ್ ಮುದ್ದೇಲೂ ಸೀದಿರೋದು ಹುಡುಕ್ತಾನೆ."

"ಹುಡುಕೋದ್ಯಾಕೆ? ನಿನ್ ಮುದ್ದೇಲಿ ಸೀದಿರೋದು ತಾನಾಗೇ ಸಿಗುತ್ತೆ ಬಿಡಮ್ಮಾ" ಎಂದು ಪಾಟಿ ನಗುತ್ತಿದ್ದಳು. ಅಮ್ಮನೂ ನಗುತ್ತಿದ್ದಳು.

ಪಡ್ಡು ಮುಗಿದು ಹಂಚು ಆರಿದ ಮೇಲೆ ಆಟ. ಅಳಗುಳಿ ಆಡಲು ಎರಡು ಕಡೆಗೂ ಏಳೇಳು ಗುಳಿ ಬೇಕು. ಮರದ ಮಣೆ ನಮ್ಮ ವಠಾರದಲ್ಲಿ ಯಾರಿಗೂ ಇರಲಿಲ್ಲ. ಪಾಟಿಯ ಹಂಚಿನಲ್ಲಿ ಏಳು ಗುಳಿ. ನಮ್ಮ ಹಂಚಿನಲ್ಲೂ ಏಳು. ನಾನು ಓಡಿಹೋಗಿ ನಮ್ಮದನ್ನು ತರುತ್ತಿದ್ದೆ. ಎರಡನ್ನೂ ಜಗಲಿಯ ಮೇಲೆ ಜೋಡಿಸಿ ಹುಣಸೆ ಬೀಜ ಹಾಕಿ ಕೂತರೆ ಸಂಜೆ ಹೋದದ್ದೇ ತಿಳಿಯುತ್ತಿರಲಿಲ್ಲ. ಗುಳಿಯ ಎಣ್ಣೆಗೆ ಬೀಜ ಜಾರುತ್ತಿತ್ತು. ಬೆರಳಿಗೆ ಮಸಿ, ಮಸಿಯಲ್ಲಿ ಬೆಲ್ಲದ ರುಚಿ. ಒಂದು ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದಕ್ಕೆ ಹಸು ಎಂದು ಹೆಸರು. ಪಾಟಿ ತಮಿಳಿನಲ್ಲಿ "ಪಸೂ!" ಎಂದು ಕೂಗಿ ಗಬಕ್ಕನೆ ಬಾಚಿಕೊಳ್ಳುತ್ತಿದ್ದಳು. ಮೋಸವನ್ನೂ ಮಾಡುತ್ತಿದ್ದಳು.

"ಪಾಟಿ, ಸೆರಗಲ್ಲಿ ಬೀಜ ಮುಚ್ಚಿಟ್ಟಿದೀಯ!"

"ಪೋಡಾ ಕಳ್ಳಾ! ನನ್ ಸೆರಗಲ್ಲಿ ತೂತು ಬಿಟ್ರೆ ಏನೂ ಇಲ್ಲ. ಬೇಕಾದ್ರೆ ತೂತು ಎಣಿಸ್ಕೋ."

ನಮ್ಮ ವಠಾರದಲ್ಲಿ ಒಂದು ಪದ್ಧತಿ ಇತ್ತು. ಈಗಲೂ ಕೆಲವು ಮನೆಗಳಲ್ಲಿ ಇದೆ. ಪಕ್ಕದ ಮನೆಯಿಂದ ಏನಾದರೂ ತಿನ್ನುವುದು ಬಂದರೆ ಆ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು. ಪಡ್ಡು ಬಂದ ಬಟ್ಟಲಲ್ಲಿ ಹಿತಕಿದ ಅವರೆಕಾಳಿನ ಸಾರು ಹೋಗಬೇಕು. ಸಾರಿಲ್ಲದಿದ್ದರೆ ಒಂದು ಚೂರು ಬೆಲ್ಲ. ಅದೂ ಇಲ್ಲದಿದ್ದರೆ ಎರಡು ಎಸಳು ಕರಿಬೇವಾದರೂ ಹಾಕಬೇಕು. ಬರಿದು ಪಾತ್ರೆ ಕಳಿಸಿದರೆ ಆ ಮನೆ ಬರಿದಾಗಲಿ ಎಂದು ಹಾರೈಸಿದ ಹಾಗೆ. ಪಾತ್ರೆ ಕೊಟ್ಟವರೂ ಅದನ್ನು ವಾಪಸು ಕೇಳುವ ಹಾಗಿಲ್ಲ. ಒಳ್ಳೆಯ ಕಾಲದಲ್ಲಿ ಇದು ಎಷ್ಟು ಚೆಂದವಿತ್ತೆಂದರೆ, ನಮ್ಮ ಮನೆಯ ಸಾರಿಗೂ ಪಾಟಿಯ ಮನೆಯ ಪಡ್ಡಿಗೂ ಗೋಡೆ ಇದ್ದಂತೆಯೇ ಅನಿಸುತ್ತಿರಲಿಲ್ಲ.

ಆಮೇಲೆ ಯುದ್ಧ ಜೋರಾಯಿತು. ರೇಷನ್ ಬಂತು. ಅಕ್ಕಿ ಕಾಣುವುದೇ ಅಪರೂಪವಾಯಿತು. ಹಲಸೂರು ಕೆರೆಯ ದಾರಿಯಲ್ಲಿ ಹಗಲಿಡೀ ಮಿಲಿಟರಿ ಲಾರಿ. ಒಂದು ಸಂಜೆ ಅಂಥದೊಂದು ಲಾರಿ ತಗುಲಿ ಅಪ್ಪನ ಕಾಲು ಮುರಿಯಿತು. ಕುದುರೆಯನ್ನೂ ಜಟಕಾವನ್ನೂ ಮಾರಿ ಕಾಲಿಗೆ ಕಟ್ಟು ಕಟ್ಟಿಸಿದೆವು. ಕಾಲು ನೆಟ್ಟಗಾಗಲಿಲ್ಲ. ಆಗಲೇ ನಾನು ಸ್ಕೂಲು ಬಿಟ್ಟು, ಶಿವಾಜಿನಗರದ ಹತ್ತಿರ ಸಿಪಾಯಿಗಳಿಗೆ ತಗಡಿನ ಟ್ರಂಕು ಮಾಡುವ ಶೆಡ್ಡಿಗೆ ಸೇರಿದ್ದು. ಬಿಡು ಎಂದು ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ.

ಅಪ್ಪ ಮಲಗಿದ್ದ ಆ ದಿನಗಳಲ್ಲಿ ಪಾಟಿ ಹಿತ್ತಾಳೆ ತಪ್ಪಲೆಯಲ್ಲಿ ಹುಳಿಯನ್ನ ಕಳಿಸಿದಳು. ತನ್ನ ಒಂದು ಕಾರ್ಡಿನ ಅಕ್ಕಿಯದು. ತಪ್ಪಲೆ ತೊಳೆದಿಟ್ಟ ಅಮ್ಮ ಅದಕ್ಕೆ ಏನು ಹಾಕುವುದೆಂದು ಮನೆಯೆಲ್ಲ ಹುಡುಕಿದಳು. "ಕರಿಬೇವು ಹಾಕಿ ಕೊಡಮ್ಮ" ಎಂದೆ.

"ಅನ್ನ ತಂದ ಪಾತ್ರೆಗೆ ಸೊಪ್ಪು ಹಾಕಿ ಕಳಿಸ್ಲಾ? ಅದೂ ಮಗನ್ನ ಯುದ್ಧಕ್ಕೆ ಕಳಿಸಿರೋ ಮನೆಗೆ? ಒಂದೆರಡು ದಿನ ತಡಿ. ಏನಾದ್ರೂ ಆಗುತ್ತೆ."

ಏನೂ ಆಗಲಿಲ್ಲ. ವಾರ ಕಳೆದು ಕಂಚಿನ ಬೋಗುಣಿಯಲ್ಲಿ ಪಾಟಿ ಗಂಜಿ ಕಳಿಸಿದಳು. ಇನ್ನಷ್ಟು ದಿನದ ಮೇಲೆ ಅಲ್ಯೂಮಿನಿಯಂ ಡಬರಿಯಲ್ಲಿ ಉಪ್ಪಿಟ್ಟು. ಮೂರೂ ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದರೊಳಗೊಂದು ಕೂತವು. ದಿನ ಕಳೆದಷ್ಟೂ ಅಮ್ಮನ ಲೆಕ್ಕ ದೊಡ್ಡದಾಗುತ್ತ ಹೋಯಿತು. ಮೊದಲ ವಾರವೇ ಆಗಿದ್ದರೆ ಒಂದು ಹಿಡಿ ಕಡಲೆಕಾಯಿ ನಡೆಯುತ್ತಿತ್ತು. ತಿಂಗಳು ಇಟ್ಟುಕೊಂಡ ಮೇಲೆ ಕಡಲೆಕಾಯಿ ಕೊಟ್ಟರೆ ಮುಖ ಎಲ್ಲಿಡುವುದು? ಪಾಟಿ ಅನ್ನ ಕೊಟ್ಟಿದ್ದಾಳೆ, ಅಕ್ಕಿಯೇ ಹೋಗಬೇಕು. ಅದೂ ತುಂಬಿ ಹೋಗಬೇಕು.

ಅಲ್ಲಿಂದ ಅಮ್ಮನಿಗೆ ಪಾಟಿಯ ಮುಖ ನೋಡಲು ನಾಚಿಕೆ ಶುರುವಾಯಿತು. ಎಲ್ಲರಿಗಿಂತ ಮೊದಲೇ ಎದ್ದು ನಲ್ಲಿಯಲ್ಲಿ ನೀರು ಹಿಡಿದು ಬಂದುಬಿಡುತ್ತಿದ್ದಳು. ನನ್ನ ಆಟವನ್ನೂ ನಿಲ್ಲಿಸಿದಳು. "ಅವರ ಪಾತ್ರೆ ಇಟ್ಕೊಂಡು ಅವರ ಜಗಲೀಲಿ ಹೋಗಿ ಹೆಂಗೋ ಕೂತ್ಕೋತೀಯ?" ನಮ್ಮ ಪಡ್ಡಿನ ಹಂಚು ಮಂಚದ ಕೆಳಗೆ ಸೇರಿತು.

ಬೆಳಿಗ್ಗೆ ಶೆಡ್ಡಿಗೆ ಹೊರಟಾಗ ಪಾಟಿ ಜಗಲಿಯಲ್ಲಿ ತನ್ನ ಹಂಚನ್ನು ಮುಂದಿಟ್ಟುಕೊಂಡು ಕೂತಿರುತ್ತಿದ್ದಳು. ತಮಿಳಿನ ಮುದ್ದುಮಾತಲ್ಲಿ ಕರೆಯುತ್ತಿದ್ದಳು: "ಏಂಡಾ ಕಣ್ಣು, ನಿನ್ ಹಂಚೆಲ್ಲಿ? ನನ್ ಏಳು ಗುಳಿ ಒಂದೇ ಏನ್ ಆಡ್ಕೊಳುತ್ತೆ?"

"ಕೆಲ್ಸ ಇದೆ ಪಾಟಿ."

"ದೊಡ್ಡ ದೊರೆ ಆಗ್ಬಿಟ್ಟ! ಹೋಗೋ, ಸೋಲ್ತೀನಿ ಅಂತ ಭಯ ನಿಂಗೆ."

ಹಾಗೆ ಹೇಳಿ ನಗುತ್ತಿದ್ದಳು. ಒಂದು ದಿನವೂ ಪಾತ್ರೆಯ ಮಾತೆತ್ತಲಿಲ್ಲ. ಅಮ್ಮ ಯಾಕೆ ಮಾತಾಡುತ್ತಿಲ್ಲ ಎಂದು ಏನೆಂದುಕೊಂಡಿದ್ದಳೋ... ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ. ಹನ್ನೆರಡರ ವಯಸ್ಸಿನಲ್ಲಿ ಅದು ಹೊಳೆಯುವುದಿಲ್ಲ.

ನಮ್ಮ ಶೆಡ್ಡಿನಲ್ಲಿ ಮಿಲಿಟರಿ ಕೆಲಸವಾದ್ದರಿಂದ ಕೂಲಿಯ ಜೊತೆಗೆ ಸ್ವಲ್ಪ ಅಕ್ಕಿಯೂ ಸಿಗುತ್ತಿತ್ತು. ನಾನು ಮೊದಲ ಸಲ ಅಕ್ಕಿ ತಂದ ದಿನ ಅಪ್ಪ ಅದನ್ನು ಅಂಗೈಯಲ್ಲಿ ಹರಡಿಕೊಂಡು ಸುಮ್ಮನೆ ನೋಡುತ್ತಿದ್ದ. ಆದರೂ ನಮ್ಮ ತಟ್ಟೆಗೆ ಬಂದದ್ದು ರಾಗಿ ಗಂಜಿಯೇ. ಅಕ್ಕಿಯೆಲ್ಲ ಆ ತಪ್ಪಲೆಗೆ ಹೋಗುತ್ತಿತ್ತು. ನನಗೆ ಸಿಟ್ಟು ಬಂತು.

"ನಾನ್ ದುಡ್ದು ತಂದಿದ್ದು ನಮಗೇ ಇಲ್ವಾ?"

"ಇದೆ. ಪಾಟಿದು ಮುಗಿದ್ಮೇಲೆ."

ತಪ್ಪಲೆ ತುಂಬಿತು. ಬೋಗುಣಿಯೂ ತುಂಬಿತು. "ಎರಡು ಕೊಟ್ಬಿಡಮ್ಮ, ಇನ್ನೊಂದು ಆಮೇಲೆ ಕೊಟ್ರಾಯ್ತು" ಎಂದೆ. ಅಮ್ಮ ಒಪ್ಪಲಿಲ್ಲ. "ಒಂದೊಂದೇ ಕೊಟ್ರೆ ಕಂತು ಕಟ್ಟಿದಂಗಿರುತ್ತೆ ಕಣೋ. ಮೂರೂ ಒಟ್ಟಿಗೆ ಹೋಗ್ಬೇಕು. ಡಬರಿ ಮೇಲೆ ಒಂದು ಬೆಲ್ಲದ ಉಂಡೆ ಇಟ್ಟು ಕೊಡ್ಬೇಕು. ಅವತ್ತು ಅವರೇ ಪಡ್ಡು ಹಾಕ್ತಾರೆ ನೋಡು, ನೀನು ಹಂಚು ತಗೊಂಡ್ ಹೋಗು." ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತ್ತು.

ಡಬರಿ ತುಂಬಿದ ಮರುದಿನ ಬೆಳಿಗ್ಗೆ ಅಮ್ಮ ತಲೆಗೆ ನೀರು ಹಾಕಿಕೊಂಡು ಇದ್ದ ಒಂದು ಒಳ್ಳೆಯ ಸೀರೆ ಉಟ್ಟಳು. ತಪ್ಪಲೆಯನ್ನು ಸೊಂಟದಲ್ಲಿಟ್ಟುಕೊಂಡಳು. ಬೋಗುಣಿಯೂ ಡಬರಿಯೂ ನನ್ನ ಕೈಯಲ್ಲಿ. ಪಾಟಿಯ ಬಾಗಿಲು ಮುಂದಕ್ಕೆ ಎಳೆದಿತ್ತು. "ಪಾಟಿ... ನಾನು ಬಂದಿದೀನಿ" ಎಂದು ಅಮ್ಮ ಬಾಗಿಲು ತಳ್ಳಿದಳು.

ಪಾಟಿ ಚಾಪೆಯ ಮೇಲೆ ಗೋಡೆ ಕಡೆಗೆ ತಿರುಗಿ ಮಲಗಿದ್ದಳು. ಮೈ ತಣ್ಣಗಾಗಿತ್ತು.

ಎರಡು ದಿನದಿಂದ ಜ್ವರವಿತ್ತಂತೆ. ಮೂಲೆಮನೆಯ ಹೆಂಗಸು ಬಂದು ಬಾಗಿಲಲ್ಲೇ ನಿಂತು ಹೇಳಿದಳು. ಮಗನ ಹಣ ಬರುವುದು ನಿಂತುಹೋಗಿತ್ತಂತೆ. ತಿಂಗಳ ಹಿಂದೆ ಪಾಟಿಯ ಮಣ್ಣಿನ ಮಡಕೆಯೂ ಒಡೆದು, ಇವಳ ಹತ್ತಿರ ಒಂದು ಪಾತ್ರೆ ಕೇಳಿ ಒಂದು ದಿನದ ಮಟ್ಟಿಗೆ ಒಯ್ದಿದ್ದಳಂತೆ. "ನಿನ್ ಪಾತ್ರೆಗಳು ಏನಾದ್ವು ಅಂದೆ. ತವರಿಗ್ ಹೋಗವೆ ಕಣಮ್ಮಾ, ಬರೋವಾಗ ಮಡಿಲಕ್ಕಿ ತುಂಬಿಸ್ಕೊಂಡ್ ಬರ್ತವೆ ಅಂದ್ಲು. ತಮಾಷೆ ಮಾಡ್ತಾಳೆ ಅಂದ್ಕೊಂಡೆ."

ಒಲೆಯ ಮೇಲೆ ಪಡ್ಡಿನ ಹಂಚು ಇತ್ತು. ಅದರ ಗುಳಿಗಳಲ್ಲಿ ಗಂಜಿ ಒಣಗಿ ಬಿರುಕು ಬಿಟ್ಟಿತ್ತು. ಒಂದು ಚಮಚ ಪಕ್ಕದಲ್ಲಿ ಬಿದ್ದಿತ್ತು. ಮನೆಯಲ್ಲಿ ಬೇರೆ ಪಾತ್ರೆಯೇ ಇರಲಿಲ್ಲ. ಅಷ್ಟು ದಿನವೂ ಒಂದೊಂದು ಗುಳಿಗೆ ಒಂದೊಂದು ಚಿಟಿಕೆ ಹಿಟ್ಟು ಹಾಕಿ, ನೀರು ಬಿಟ್ಟು, ಕುದಿಸಿಕೊಂಡು... ಅಲ್ಲೇ ತಿನ್ನುತ್ತಿದ್ದಳು.

ಅಮ್ಮ ಆ ಹಂಚಿನ ಮುಂದೆ ಕೂತುಬಿಟ್ಟಳು. ಅಳಲಿಲ್ಲ. ನನ್ನ ಮುಖ ನೋಡಿ, "ಗಂಜಿ ಕಾಯಿಸ್ಕೊಳ್ಳಕ್ಕೂ ಒಂದು ಪಾತ್ರೆ ಬಿಡ್ಲಿಲ್ವಲ್ಲೋ ನಾನು" ಎಂದಳು. ಆ ಮಾತು ಈಗಲೂ ಕಿವಿಯಲ್ಲಿದೆ.

ಪಾಟಿಯ ಕಡೆಯವರಲ್ಲಿ, ಸತ್ತವರನ್ನು ಕಳಿಸುವ ಮುಂಚೆ ಹೆಂಗಸರು ಬಾಯಿಗೆ ಒಂದೊಂದು ಹಿಡಿ ಅಕ್ಕಿ ಹಾಕಬೇಕು. ವಠಾರದ ಹಿರಿಯರೊಬ್ಬರು "ಅಕ್ಕಿ ತನ್ನಿ" ಎಂದರು. ಪಾಟಿಯ ಡಬ್ಬ ನೋಡಿದರೆ ತಳದಲ್ಲಿ ಒಂದು ಕಾಳಿಲ್ಲ. ಜ್ವರದಲ್ಲಿ ರೇಷನ್ ಸಾಲಿಗೆ ಹೋಗಲಾಗಿರಲಿಲ್ಲ. ಯಾರ ಮನೆಯಲ್ಲೂ ಕೊಡುವಷ್ಟು ಇರಲಿಲ್ಲ. ಅಮ್ಮನೇ ಎದ್ದು ತಪ್ಪಲೆ ಮುಂದಿಟ್ಟಳು. ಹೆಂಗಸರೆಲ್ಲ ಅದರಿಂದಲೇ ತೆಗೆದುಕೊಂಡು ಹಾಕಿದರು. ಅಮ್ಮನ ಸರದಿ ಕೊನೆಗೆ ಬಂತು. ಅವಳ ಕೈ ಪಾಟಿಯ ತುಟಿಯ ಮೇಲೆ ಬಹಳ ಹೊತ್ತು ಇತ್ತು, ಯಾರೋ ಬಿಡಿಸಿದರು.

ಉಳಿದ ಅಕ್ಕಿಯಲ್ಲಿ, ಪಾಟಿಯನ್ನು ಹೊತ್ತು ಹೋಗಿ ಬಂದವರಿಗೆ ಅನ್ನ ಮಾಡಿದರು. ನನಗೂ ಬಡಿಸಿದರು. ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಅನ್ನ. ತಿಂದೆ. ಹಸಿದಿದ್ದೆ, ತಿಂದೆ.

ಕೋಲಾರದ ಕಡೆಯಿಂದ ದೂರದ ನೆಂಟನೊಬ್ಬ ಬಂದು ಪಾಟಿಯ ಸಾಮಾನು ಒಯ್ದ. ಅಮ್ಮ ಮೂರೂ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ ಅವನ ಕೈಗೆ ಕೊಟ್ಟಳು. ಅವತ್ತು ಅವುಗಳಲ್ಲಿ ಏನೂ ಹಾಕಲಿಲ್ಲ. ಪಾಟಿಯ ಮಗ ಯುದ್ಧ ಮುಗಿದ ಮೇಲೂ ಬರಲಿಲ್ಲ. ಇದ್ದಾನೋ ಇಲ್ಲವೋ ಎಂದು ತಿಳಿಸುವವರೂ ಇರಲಿಲ್ಲ.

ಆಮೇಲೆ ಅಮ್ಮ ಬದುಕಿದ್ದಷ್ಟು ಕಾಲವೂ ಯಾರ ಮನೆಯಿಂದ ಏನು ಬಂದರೂ ಬೇರೆ ಪಾತ್ರೆಗೆ ಸುರಿದುಕೊಂಡು, ತಂದವರು ಬಾಗಿಲಲ್ಲಿ ನಿಂತಿರುವಾಗಲೇ ತೊಳೆದು ಬರಿದಾಗಿ ಕೊಟ್ಟುಬಿಡುತ್ತಿದ್ದಳು. "ಖಾಲಿ ಇದೆ, ತಪ್ಪು ತಿಳೀಬೇಡಿ, ಮೊದ್ಲು ತಗೊಂಡ್ ಹೋಗಿ." ಜಂಬದ ಹೆಂಗಸು ಎಂದು ಜನ ಆಡಿಕೊಂಡರು. ಕೆಲವರು ಕಳಿಸುವುದನ್ನೇ ಬಿಟ್ಟರು. ನಾನು ಒಳ್ಳೆಯ ದುಡಿಮೆಗೆ ಬಂದು, ಮನೆಯಲ್ಲಿ ಅಕ್ಕಿ ಮೂಟೆ ಮೂಟೆ ಇದ್ದ ಕಾಲದಲ್ಲೂ ಅವಳು ಪಡ್ಡು ಮಾಡಲಿಲ್ಲ. ನಾನೂ ಕೇಳಲಿಲ್ಲ.

ಗಾಡಿಯ ಹೆಂಗಸು ದೊನ್ನೆಯಲ್ಲಿ ಪಡ್ಡು ಹಾಕಿಕೊಟ್ಟಳು. ಒಂದು ಬಾಯಿಗಿಟ್ಟುಕೊಂಡೆ. ಉಳಿದದ್ದನ್ನು ಸ್ಕೂಲಿನಿಂದ ಬರುತ್ತಿದ್ದ ಯಾವುದೋ ಮಕ್ಕಳಿಗೆ ಕೊಟ್ಟೆ. ನಮ್ಮ ವಠಾರವಿದ್ದ ಜಾಗ ಅಲ್ಲಿಂದ ಕೂಗಳತೆ. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಹೋಗಿ ನೋಡಲಿಲ್ಲ. ಕೀಲು ಕೊಂಡು ಬಸ್ಸು ಹತ್ತಿದೆ.

ಈಗ ನನಗೆ ಲಿಂಗರಾಜಪುರದಲ್ಲಿ ಒಂದು ಸ್ವಂತ ಮನೆ ಇದೆ. ಬೀರು ಮಾಡುವ ಶೆಡ್ಡು ಒಂದು, ಅದರಲ್ಲಿ ಆರು ಜನ ಕೆಲಸಗಾರರು. ಗಂಡುಮಕ್ಕಳು ಇಬ್ಬರು, ಮಗಳು ಒಬ್ಬಳು, ಮೊಮ್ಮಕ್ಕಳು ಐವರು, ಎಲ್ಲರೂ ಓದಿದವರು. ಹೆಂಡತಿ ಇಲ್ಲ. ಅಪ್ಪ, ಅಮ್ಮ ಇಲ್ಲ. ನನ್ನನ್ನು "ನೀನು" ಎಂದು ಕರೆಯುವವರು ಒಬ್ಬರೂ ಇಲ್ಲ.