ಪುಂಡರೀಕಾಕ್ಷರು ತಿರುಗಿಸಿದ ಬಿಲ್ಲೆ

ಮಹಾಪೆಯ ಒಂದು ಐಸ್‌ಕ್ರೀಮ್ ಕೋಲ್ಡ್ ಸ್ಟೋರೇಜಿನಲ್ಲಿ ಪುಂಡರೀಕಾಕ್ಷರು ಇಪ್ಪತ್ತೆಂಟು ವರ್ಷ ಸೂಪರ್‌ವೈಸರ್ ಆಗಿದ್ದರು. ಒಳಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. ಬಾಗಿಲ ಪಕ್ಕದಲ್ಲಿ ಒಂದು ಹಲಗೆ, ಅದರ ಮೇಲೆ ಕೆಲಸಗಾರರ ಹೆಸರಿನ ತಗಡಿನ ಬಿಲ್ಲೆಗಳು. ಒಳಹೋಗುವವನು ತನ್ನ ಬಿಲ್ಲೆಯನ್ನು ಕೆಂಪು ಮುಖಕ್ಕೆ ತಿರುಗಿಸಬೇಕು, ಹೊರಬಂದವನು ಬಿಳಿಗೆ. ಹಲಗೆ ಪೂರ್ತಿ ಬಿಳಿಯಾದ ಮೇಲೆಯೇ ಬೀಗ.

2003ರಲ್ಲಿ ಲೋಡರ್ ಕಿಟ್ಟಣ್ಣನ ಬಿಲ್ಲೆಯನ್ನು ಅವನ ಗೆಳೆಯನೊಬ್ಬ, ಹೇಗೂ ಹಿಂದೆಯೇ ಬರುತ್ತಿದ್ದಾನಲ್ಲ ಎಂದು, ತನ್ನದರ ಜೊತೆಗೇ ತಿರುಗಿಸಿ ಚಹಾಕ್ಕೆ ಹೋದ. ಹಲಗೆ ಬಿಳಿಯೆಂದು ಬಾಗಿಲು ಹಾಕಿದರು, ಒಳಗಿನ ಹಿಡಿಕೆಗೆ ಹಿಮ ಕಟ್ಟಿತ್ತು. ಕಿಟ್ಟಣ್ಣ ಇಪ್ಪತ್ತೈದು ನಿಮಿಷ ಒಳಗಿದ್ದ. ಬದುಕಿದ, ಎಡಗಾಲಿನ ಕಿರುಬೆರಳು ಹೋಯಿತು. ಮರುದಿನ ಪುಂಡರೀಕಾಕ್ಷರು ಹಲಗೆಯ ಮೇಲೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆಸಿದರು: ತನ್ನ ಬಿಲ್ಲೆಯನ್ನು ತಾನೇ ತಿರುಗಿಸತಕ್ಕದ್ದು. ಕನ್ನಡ ಯಾಕೆ ಎಂದು ಮ್ಯಾನೇಜರ್ ಕೇಳಿದ್ದಕ್ಕೆ, ಕಿಟ್ಟಣ್ಣನಿಗೆ ಓದಲು ಎಂದರು. ಇನ್ನೊಬ್ಬರ ಬಿಲ್ಲೆ ಮುಟ್ಟಿದವನು ನಡೆದದ್ದನ್ನು ಬರೆದುಕೊಡಬೇಕು. ಮೂರು ದಿನ ಒಳಗೆ ಹೋಗದೆ ಹಲಗೆಯ ಪಕ್ಕ ಸ್ಟೂಲಿನಲ್ಲಿ ಕೂರಬೇಕು. ಅವರು ನಿವೃತ್ತರಾಗುವವರೆಗೆ ನಾಲ್ಕು ಮಂದಿ ಹಾಗೆ ಕೂತರು.

ನೆರೂಳಿನ ಮನೆಯಲ್ಲಿ ಈ ನಿಯಮ ಇರಲಿಲ್ಲ. ಹೆಂಡತಿ ಜಯಲತಾರ ಪಾಸ್‌ಪೋರ್ಟ್, ಕನ್ನಡಕದ ಚೀಟಿ, ರೈಲಿನ ಟಿಕೆಟ್ ಎಲ್ಲವೂ ಪುಂಡರೀಕಾಕ್ಷರ ಅಂಗಿಯ ಜೇಬಿನಲ್ಲಿ. ಒಮ್ಮೆ ವಾಶಿಯಲ್ಲಿ ಲೇಡೀಸ್ ಡಬ್ಬಿಯಿಂದ ಇಳಿದ ಜಯಲತಾರನ್ನು ಟಿಸಿ ಹಿಡಿದ. ಜನರಲ್ ಡಬ್ಬಿಯಿಂದ ಗಂಡ ಓಡಿ ಬಂದು ಎರಡೂ ಟಿಕೆಟ್ ತೋರಿಸಿದರು. ವ್ಯವಸ್ಥೆ ಸರಿಯಾಗಿದೆ ಎನ್ನುವುದಕ್ಕೆ ಅವರು ಇದನ್ನೇ ಉದಾಹರಣೆ ಕೊಡುತ್ತಿದ್ದರು.

2016ರ ಜುಲೈಯಲ್ಲಿ ಇಬ್ಬರೂ ಆರ್ಕ್ಟಿಕ್‌ಗೆ ಹೋದರು. ಮಗಳು ದಿಶಾ ಪ್ರವಾಸದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಕೊನೆಯ ಗಳಿಗೆಯಲ್ಲಿ ಒಂದು ಕ್ಯಾಬಿನ್ ಖಾಲಿ ಉಳಿದಿತ್ತು. ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಸುತ್ತ ಒಂಬತ್ತು ದಿನ, ನೂರು ಜನರ ಸಣ್ಣ ಹಡಗು. ದಿನಕ್ಕೆರಡು ಸಲ ರಬ್ಬರ್ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಿದ್ದರು. ಕೋರೆಹಲ್ಲಿನ ವಾಲ್ರಸ್‌ಗಳು ಮರಳಿನ ಮೇಲೆ ಒಂದರ ಮೇಲೊಂದು ಮಲಗಿರುತ್ತಿದ್ದವು. ಬಂಡೆಯ ಗೋಡೆಗಳಲ್ಲಿ ಸಾವಿರಾರು ಕಡಲಹಕ್ಕಿಗಳು. ಹಿಮಕರಡಿಯನ್ನು ಎಲ್ಲರೂ ಹುಡುಕುತ್ತಿದ್ದರು, ಮೊದಲ ದಿನಗಳಲ್ಲಿ ಅದು ಕಾಣಲಿಲ್ಲ. ಅದು ಬರಬಹುದೆಂದೇ ಗೈಡುಗಳು ದಡದಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದರು. ಅವರಿಂದ ನೂರು ಮೀಟರ್ ಆಚೆಗೆ ಯಾರೂ ಹೋಗುವಂತಿರಲಿಲ್ಲ. ಹೊರಗೆ ಮೂರು ಡಿಗ್ರಿ. ಪುಂಡರೀಕಾಕ್ಷರು ಮಫ್ಲರ್ ಬಿಚ್ಚಿಟ್ಟರು.

ಹಡಗಿನಲ್ಲಿ ಅವರಿಗೆ ಹಿಡಿಸಿದ್ದು ಏಣಿಯ ಬಾಗಿಲ ಪಕ್ಕದ ಹಲಗೆ. ಪ್ರತಿ ಪ್ರಯಾಣಿಕನಿಗೂ ಒಂದು ಬಿಲ್ಲೆ, ದಡಕ್ಕಿಳಿದರೆ ಕೆಂಪು, ಮರಳಿದರೆ ಬಿಳಿ. ಅವರದು 214-ಎ, ಜಯಲತಾರದು 214-ಬಿ. ಮೊದಲ ದಿನವೇ ಅವರು ಅದರ ಮೂರು ಫೋಟೊ ತೆಗೆದರು. ಹಿಮನದಿಯ ಫೋಟೊ ಅವರಲ್ಲಿ ಒಂದೇ ಇದೆ.

ಆರನೇ ದಿನ ಮಧ್ಯಾಹ್ನ, ಹಳೆಯ ಬೇಟೆಗಾರರ ಗುಡಿಸಲೊಂದಿದ್ದ ದ್ವೀಪದಲ್ಲಿ, ಮರಳುವ ಹೊತ್ತಿಗೆ ಜಯಲತಾರ ಬೂಟಿನೊಳಗೆ ಕಲ್ಲು ಸೇರಿತು. "ನೀವು ಹೋಗ್ತಾ ಇರಿ, ನಾನು ಬಂದೆ" ಎಂದು ಅವರು ಗಾಳಿ ಬೀಸದ ಕಡೆಗೆ, ಗುಡಿಸಲಿನ ಹಿಂದಕ್ಕೆ ಹೋದರು. ಪುಂಡರೀಕಾಕ್ಷರು ದೋಣಿ ಹತ್ತಿದರು. ಹೆಂಡತಿ ಹಿಂದಿನ ದೋಣಿಯಲ್ಲಿ ಬರುತ್ತಾಳೆ. ಹಡಗಿನಲ್ಲಿ ಹಲಗೆಯ ಮುಂದೆ ನಿಂತು, ಎರಡು ಬೆರಳಲ್ಲಿ ಎರಡು ಬಿಲ್ಲೆ ತಿರುಗಿಸಿದರು.

ದಡದ ಗೈಡುಗಳು ರೇಡಿಯೊದಲ್ಲಿ ಕೇಳಿದರು. ಹಲಗೆ ಪೂರ್ತಿ ಬಿಳಿ ಎಂಬ ಉತ್ತರ ಬಂತು. ಕೊನೆಯ ದೋಣಿಯೂ ಮರಳಿತು.

ಪುಂಡರೀಕಾಕ್ಷರು ಲೌಂಜಿನಲ್ಲಿ ಎರಡು ಕಪ್ ಚಹಾ ಹಿಡಿದು ಕೂತರು. ಜಯಲತಾ ಬಟ್ಟೆ ಬದಲಿಸಿ ಬರುವುದು ರೂಢಿ. ಅವರ ಕಪ್ಪಿಗೆ ಸಾಸರ್ ಮುಚ್ಚಿದರು. ಇಪ್ಪತ್ತು ನಿಮಿಷ ಕಳೆಯಿತು. ಕ್ಯಾಬಿನ್ನಿನಲ್ಲಿ ಹೆಂಡತಿ ಇರಲಿಲ್ಲ, ಸ್ಟ್ಯಾಂಡಿನಲ್ಲಿ ಬೂಟು ಇರಲಿಲ್ಲ. ಹಲಗೆಯ ಹತ್ತಿರ ಹೋದರು. 214-ಬಿ ಬಿಳಿಯಾಗಿತ್ತು. ಅಷ್ಟರಲ್ಲಿ ಹಡಗು ಹೊರಟಿತ್ತು. ಕಿಟಕಿಯಲ್ಲಿ ದ್ವೀಪ ಕಾಣುತ್ತಿರಲಿಲ್ಲ, ಮಂಜು ಕಾಣುತ್ತಿತ್ತು.

ಅವರ ತಂಡದ ಟೂರ್ ಮ್ಯಾನೇಜರ್ ಸಂಕರ್ಷಣ ಮೈಸೂರಿನವರು, ಕಲ್ಯಾಣದಲ್ಲಿ ಬೆಳೆದವರು.

"ಜಯಾ ದ್ವೀಪದಲ್ಲಿದ್ದಾಳೆ" ಎಂದರು ಪುಂಡರೀಕಾಕ್ಷರು. "ಅವಳ ಬಿಲ್ಲೆ ನಾನು ತಿರುಗಿಸಿದೆ."

"ಏನ್ ಅಂಕಲ್, ಮಜಾಕಾ? ಆಂಟಿ ಬಾತ್‌ರೂಮ್‌ನಲ್ಲಿರ್ತಾರೆ. ಬೋರ್ಡ್ ಫುಲ್ ವೈಟ್ ಇದೆಯಲ್ಲ."

"ಬೋರ್ಡು ಹೇಳುದು ಸುಳ್ಳು ಮಾರಾಯ್ರೆ. ಸುಳ್ಳು ಹೇಳಿಸಿದ್ದು ನಾನು. ಹಡಗು ತಿರುಗಿಸ್ಲಿಕ್ಕೆ ಹೇಳಿ."

ಸಂಕರ್ಷಣ ಅವರ ಮುಖ ನೋಡಿ ಮೇಲಿನ ಡೆಕ್ಕಿಗೆ ಓಡಿದರು. ಹಡಗು ತಿರುಗಿತು. ಬಂದೂಕಿನ ಇಬ್ಬರು ಗೈಡುಗಳ ಜೊತೆ ದೋಣಿ ಇಳಿಯಿತು. ತಾನೂ ಬರುತ್ತೇನೆಂದು ಪುಂಡರೀಕಾಕ್ಷರು ಕೇಳಿದರು; ಗೈಡುಗಳು ಬೇಡವೆಂದರು. ಪುಂಡರೀಕಾಕ್ಷರು ಹಲಗೆಯ ಬಳಿ ಬಂದು 214-ಬಿಯನ್ನು ಕೆಂಪಿಗೆ ತಿರುಗಿಸಿದರು. ಇನ್ನೊಬ್ಬರ ಬಿಲ್ಲೆಯನ್ನು ಎರಡನೇ ಸಲ ಮುಟ್ಟಿದಂತಾಯಿತು. ಒಂದು ಕಾಗದ ಕೇಳಿ ತೆಗೆದುಕೊಂಡು, ನಿಂತಲ್ಲೇ ಎರಡನ್ನೂ ಬರೆದರು. ಅಕ್ಷರ ಓದುವ ಹಾಗಿಲ್ಲ.

ಬಿಲ್ಲೆ ಕೆಂಪಾಗಿದ್ದದ್ದು ನಲವತ್ತೇಳು ನಿಮಿಷ.

ಜಯಲತಾ ಗುಡಿಸಲಿನ ಹೊಸ್ತಿಲಲ್ಲಿ ಕೂತಿದ್ದರು. ದಡಕ್ಕೆ ತಿಂಡಿ ಒಯ್ಯಬಾರದೆಂಬ ನಿಯಮವಿದ್ದರೂ ಅವರ ಜಾಕೆಟ್ಟಿನಲ್ಲಿ ನಾಲ್ಕು ಚಕ್ಕುಲಿ ಇದ್ದವು. ಈಗ ಒಂದು ಉಳಿದಿತ್ತು. ಮೂರು ಹಿಮಸಾರಂಗಗಳು ಎದುರಿಗೆ ಪಾಚಿ ಮೇಯುತ್ತಿದ್ದವು. ಹೆದರಿಕೆ ಆಗಲಿಲ್ಲವೇ ಎಂದರೆ, "ಮೊದಲು ಆಗ್ಲಿಲ್ಲ. ಟಿಕೆಟು ಇವರ ಹತ್ರ ಉಂಟಲ್ಲ, ಓಡಿ ಬರ್ತಾರೆ ಅಂದ್ಕೊಂಡೆ. ಮಂಜು ಬಂದ ಮೇಲೆ ಆಯ್ತು" ಎನ್ನುತ್ತಾರೆ.

ಏಣಿ ಹತ್ತಿ ಬಂದವರು ಗಂಡನನ್ನು ನೋಡಿದರು.

"ಎಂತ ಮಾರಾಯ್ರೆ, ನನ್ನನ್ನು ಬಿಟ್ಟು ಚಾ ಕುಡಿದ್ರಾ?"

"ಇಲ್ಲ. ನಿನ್ನದು ಕೆನೆ ಕಟ್ಟಿತು."

"ನಿಮ್ಮದು?"

"ಅದೂ ಕಟ್ಟಿತು."

"ಹಾಗಾದ್ರೆ ಅಡ್ಡಿ ಇಲ್ಲ."

ಪುಂಡರೀಕಾಕ್ಷರ ಕೈ ತಾನಾಗಿ ಹಲಗೆಯ ಕಡೆ ಹೋಯಿತು.

"ಮುಟ್ಟಬೇಡಿ" ಎಂದರು ಜಯಲತಾ. ತಮ್ಮ ಬಿಲ್ಲೆಯನ್ನು ತಾವೇ ಬಿಳಿಗೆ ತಿರುಗಿಸಿದರು.

ಗೈಡುಗಳು ತಪ್ಪು ತಮ್ಮದೂ ಹೌದೆಂದು ಕ್ಷಮೆ ಕೇಳಿದರು. ಬರೆದುಕೊಟ್ಟ ಕಾಗದ ಕನ್ನಡದಲ್ಲಿದ್ದುದರಿಂದ ಕ್ಯಾಪ್ಟನ್ ಅದನ್ನು ಮಡಚಿ ಇಟ್ಟುಕೊಂಡರು. ಬೇರೆ ಶಿಕ್ಷೆಯ ಮಾತು ಬರಲಿಲ್ಲ. ಉಳಿದ ಮೂರು ದಿನ ಪುಂಡರೀಕಾಕ್ಷರು ದಡಕ್ಕೆ ಇಳಿಯಲಿಲ್ಲ. ಹಲಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಜಯಲತಾ ದಿನಾ ಎರಡು ಸಲ ಹೋಗಿ ಬಂದರು. ಎಂಟನೇ ದಿನ, ದೋಣಿಯಲ್ಲಿದ್ದಾಗ, ತೇಲುವ ಮಂಜುಗಡ್ಡೆಯ ಮೇಲೆ, ಎರಡು ಮರಿಗಳ ಜೊತೆ ಹಿಮಕರಡಿಯನ್ನು ನೋಡಿದರು.

ಮನೆಗೆ ಬಂದ ದಿನ ದಿಶಾ ಕರಡಿಯ ಬಗ್ಗೆ ಕೇಳಿದಳು, "ಪಪ್ಪಾ, ಭಾಲೂ ದೇಖಾ ಕ್ಯಾ?"

"ಅಮ್ಮ ನೋಡಿದ್ಲು. ನಾನು ಡ್ಯೂಟಿಯಲ್ಲಿದ್ದೆ."

ಈಗ ನೆರೂಳಿನಿಂದ ವಾಶಿಗೆ ಹೋಗುವಾಗ ಜಯಲತಾರ ಟಿಕೆಟ್ ಅವರ ಪರ್ಸಿನಲ್ಲೇ ಇರುತ್ತದೆ. ಪುಂಡರೀಕಾಕ್ಷರು ಜನರಲ್ ಡಬ್ಬಿಯಿಂದ ಇಳಿದು ಲೇಡೀಸ್ ಡಬ್ಬಿಯ ಎದುರಿಗೆ ಬಂದು ನಿಲ್ಲುತ್ತಾರೆ. ಹೆಂಡತಿಯ ಎರಡೂ ಕಾಲು ಪ್ಲಾಟ್‌ಫಾರ್ಮಿನ ಮೇಲೆ ಕಂಡ ಮೇಲೆ ನಡೆಯಲು ತೊಡಗುತ್ತಾರೆ.